ಏರ್‌ಬ್ಯಾಂಡ್ ಬೇಸ್ ಸ್ಟೇಷನ್‌ನಲ್ಲಿ ಎಫ್‌ಎಂ ಕೇಳಿಸುತ್ತಿದೆ: ದೂರು ಕೊಡುವುದೋ, ಫಿಲ್ಟರ್ ಹಾಕುವುದೋ?

ಗಾಳಿಚೀಲ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಯಲುಸೀಮೆಯ ಒಂದು ಸಣ್ಣ ಏರ್‌ಸ್ಟ್ರಿಪ್, ಅಲ್ಲೊಂದು ಹಾರಾಟ ತರಬೇತಿ ಶಾಲೆ. ವಿಮಾನಗಳೊಂದಿಗೆ ಮಾತಾಡುವ ಏರ್‌ಬ್ಯಾಂಡಿನ, ಪರವಾನಗಿ ಇರುವ ವಿಎಚ್‌ಎಫ್ ಬೇಸ್ ಸ್ಟೇಷನ್, ಎಎಂ, ಕ್ಯಾರಿಯರ್ 9 ವ್ಯಾಟ್, ಚಾನೆಲ್ 122.500 ಮೆಗಾಹರ್ಟ್ಸ್ ಎಂದಿಟ್ಟುಕೊಳ್ಳಿ. ತಾರಸಿಯ ಮೇಲೆ 9 ಮೀಟರ್ ಪೈಪು, ತುದಿಯಲ್ಲಿ ನಿಲುವು ಡೈಪೋಲ್, ಅಲ್ಲಿಂದ ಕೋಣೆಗೆ 22 ಮೀಟರ್ ಆರ್‌ಜಿ-213 ಕೇಬಲ್. ಅದೇ ತಾರಸಿಯಲ್ಲಿ, ಒಂದೂವರೆ ಮೀಟರ್ ಪಕ್ಕಕ್ಕೆ, ಸೆಕ್ಯುರಿಟಿಯವರ ವಾಕಿಟಾಕಿ ರಿಪೀಟರ್‌ನ ಆಂಟೆನಾ ಇದೆ.

ಎರಡು ತೊಂದರೆ. ಒಂದು: ಬೆಳಿಗ್ಗೆ 6ರಿಂದ 10ರವರೆಗೆ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸ್ಪೀಕರ್ ಮುಚ್ಚಿಡುವ ಗೇಟು) ತಾನಾಗಿ ತೆರೆಯುತ್ತದೆ. ಹರಿದ ಬಟ್ಟೆಯಂಥ ದನಿ, ಒಮ್ಮೊಮ್ಮೆ ಹಾಡಿನ ತಾಳ ಗುರುತು ಸಿಗುತ್ತದೆ. ಕೆಲವೊಮ್ಮೆ ಏನೂ ಕೇಳಿಸುವುದಿಲ್ಲ, ಆದರೂ ಸ್ಕ್ವೆಲ್ಚ್ ದೀಪ ಉರಿಯುತ್ತಲೇ ಇರುತ್ತದೆ. ಆಗ ದೂರದ ವಿಮಾನದ ಕರೆ ಮುಚ್ಚಿಹೋಗುತ್ತದೆ. ಒಂದೂವರೆ ಕಿಲೋಮೀಟರ್ ಆಚೆಯ ಕಾಲೇಜಿನಲ್ಲಿ 107.8ರ ಸಮುದಾಯ ಬಾನುಲಿ ಶುರುವಾದ ಮೇಲೆಯೇ ಇದು ಬಂದದ್ದು, ಅವರ ಪ್ರಸಾರದ ಹೊತ್ತೂ ಅದೇ. ಊರಿನ ದೊಡ್ಡ ಎಫ್‌ಎಂ, 10 ಕಿಲೋವ್ಯಾಟ್‌ನದು, 93.1ರಲ್ಲಿದೆ, 12 ಕಿಲೋಮೀಟರ್ ದೂರ. ಎರಡು: ಸಂಜೆ ಆರೂವರೆಯ ಮೇಲೆ ಒಂದೇ ಸಮನೆ ಗುಂಯ್‌ಗುಡುವ ಸದ್ದು.

ವಿಮಾನದಲ್ಲಿರುವವರಿಗೆ ಎರಡೂ ಕೇಳಿಸುತ್ತಿಲ್ಲ. ಬಾನುಲಿ ಮೇಲೆ ದೂರು ಕೊಡೋಣ ಎನ್ನುತ್ತಾರೆ ಶಾಲೆಯವರು. ನಿಯಮ ನಿಜವಾಗಿ ಏನು ಹೇಳುತ್ತದೆ? ದೂರಿಗೆ ಮೊದಲು ಏನೇನು ಪರೀಕ್ಷೆ ಮಾಡಬೇಕು?

ಹತ್ತುಡಿಬಿ

ದೂರು ಬರೆಯುವ ಮೊದಲು ಒಂದು ಲೆಕ್ಕ. 107.8ರ ಎರಡರಷ್ಟು 215.6. ಅದರಲ್ಲಿ 93.1 ಕಳೆಯಿರಿ: 122.5. ನಿಮ್ಮ ಚಾನೆಲ್ ಕರಾರುವಾಕ್ಕಾಗಿ ಅಲ್ಲೇ ಕೂತಿದೆ. ಇದು ಮೂರನೇ ದರ್ಜೆಯ ಇಂಟರ್‌ಮಾಡ್ಯುಲೇಶನ್. ಎರಡು ಬಲವಾದ ಸಿಗ್ನಲ್‌ಗಳು ಯಾವುದಾದರೂ ನಾನ್‌ಲೀನಿಯರ್ ಜಾಗದಲ್ಲಿ ಸೇರಿದಾಗ ಹುಟ್ಟುವ ಮೂರನೆಯದು. ಆ ಜಾಗ ಎಲ್ಲಿದೆ ಎಂಬುದೇ ನಿಮ್ಮ ಇಡೀ ಪ್ರಶ್ನೆ. ಬಾನುಲಿಯ ಟ್ರಾನ್ಸ್‌ಮಿಟರ್‌ನಲ್ಲಿ ಹುಟ್ಟುತ್ತಿದ್ದರೆ ಸರಿಪಡಿಸಬೇಕಾದವರು ಅವರು. ತಾರಸಿಯ ಮೇಲಿನ ತುಕ್ಕು ಹಿಡಿದ ಕ್ಲ್ಯಾಂಪಿನಲ್ಲೋ ನಿಮ್ಮ ರಿಸೀವರ್‌ನ ಮೊದಲ ಹಂತದಲ್ಲೋ ಹುಟ್ಟುತ್ತಿದ್ದರೆ ನೀವು. ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಶಿಫಾರಸು ಎಸ್‌ಎಂ.1009 ಎಫ್‌ಎಂ ಮತ್ತು ವಿಮಾನಯಾನ ಬ್ಯಾಂಡ್‌ಗಳ ಈ ಜಗಳವನ್ನೇ ವಿಂಗಡಿಸುತ್ತದೆ. ಟ್ರಾನ್ಸ್‌ಮಿಟರ್ ಕಡೆಯ ಸ್ಪ್ಯೂರಿಯಸ್ (ಬೇಡದ ಸಿಗ್ನಲ್ ಹೊರಸೂಸುವುದು) ಎ1, 108ರ ಅಂಚಿನಿಂದಾಚೆ ಚೆಲ್ಲುವುದು ಎ2, ರಿಸೀವರ್‌ನೊಳಗಿನ ಇಂಟರ್‌ಮಾಡ್ ಬಿ1, ರಿಸೀವರ್ ಮಂಕಾಗುವುದು ಬಿ2. ಎ ಗುಂಪಾದರೆ ದೂರು, ಬಿ ಗುಂಪಾದರೆ ಫಿಲ್ಟರ್.

ನೀವು ಬರೆದ ಲಕ್ಷಣವೂ ಹೊಂದುತ್ತದೆ. ಈ ಮಿಶ್ರಣದಲ್ಲಿ 107.8ರ ಡೀವಿಯೇಶನ್ (ಎಫ್‌ಎಂ ಕ್ಯಾರಿಯರ್ ಆಚೀಚೆ ಸರಿಯುವ ದೂರ) ಇಮ್ಮಡಿಯಾಗುತ್ತದೆ. 75 ಕಿಲೋಹರ್ಟ್ಸ್ ಇದ್ದದ್ದು 150, ಅದರ ಮೇಲೆ 93.1ರದು ಇನ್ನೊಂದು 75. ಸಿಗ್ನಲ್ ನಿಮ್ಮ ಕಿರಿದಾದ ಎಎಂ ಫಿಲ್ಟರ್ ಮೇಲೆ ಆಚೀಚೆ ಬೀಸಿಕೊಂಡು ಹೋಗುವಾಗ ಆ ಹರಿದ ದನಿ. ಬಾನುಲಿಯಲ್ಲಿ ಮಾತು ನಿಂತು ಮೌನ ಬಂದಾಗ ಕ್ಯಾರಿಯರ್ 122.5ರ ಸುತ್ತಮುತ್ತ ಹೆಚ್ಚು ಹೊತ್ತು ನಿಲ್ಲುತ್ತದೆ. ಸದ್ದಿಲ್ಲ, ಸ್ಕ್ವೆಲ್ಚ್ ಮಾತ್ರ ತೆರೆದಿದೆ. ಕೆಲಸಕ್ಕೆ ನಿಜವಾಗಿ ಅಪಾಯ ಇದೇ, ಯಾಕೆಂದರೆ ಆಪರೇಟರ್‌ಗೆ ಚಾನೆಲ್ ಖಾಲಿ ಇದೆ ಅನ್ನಿಸುತ್ತದೆ. ಖಾತ್ರಿಗೆ 122.300ರಿಂದ 122.700ರವರೆಗೆ 25 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಕೇಳುತ್ತಾ ಹೋಗಿ. ಅದೇ ಹರಕು ದನಿ ಅಕ್ಕಪಕ್ಕದ ಎಂಟು ಹತ್ತು ಚಾನೆಲ್‌ಗಳಲ್ಲೂ ಸಿಕ್ಕರೆ ಮೂಲ ಎಫ್‌ಎಂ ಎಂಬುದರಲ್ಲಿ ಅನುಮಾನ ಬೇಡ.

ಈಗ ಮುಖ್ಯ ಪರೀಕ್ಷೆ. 10 ಡಿಬಿಯ ಒಂದು ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ತುಂಡು) ತನ್ನಿ, ಆಂಟೆನಾ ಕೇಬಲ್ ಮತ್ತು ರೇಡಿಯೋ ನಡುವೆ ಹಾಕಿ. ಹಾಕುವ ಮೊದಲು ಮೈಕ್ ಕಳಚಿಡಿ. ಯಾರಾದರೂ ಪಿಟಿಟಿ (ಮಾತಾಡುವ ಗುಂಡಿ) ಒತ್ತಿದರೆ ಒಂದು ವ್ಯಾಟ್‌ನ ಸಣ್ಣ ಅಟೆನ್ಯುಯೇಟರ್ ಸುಟ್ಟುಹೋಗುತ್ತದೆ, ಜೊತೆಗೆ ರೇಡಿಯೋದ ಫೈನಲ್ ಹಂತಕ್ಕೂ ಪೆಟ್ಟು. ಹಾರಾಟ ಇಲ್ಲದ ಹೊತ್ತಿನಲ್ಲಿ, ಬಾನುಲಿ ಪ್ರಸಾರ ನಡೆಯುತ್ತಿರುವಾಗ ಮಾಡಿ.

ಅಡಚಣೆ ಹೊರಗೆ, ಗಾಳಿಯಲ್ಲೇ 122.5ರಲ್ಲಿ ಇದ್ದರೆ ಅದು 10 ಡಿಬಿ ಮಾತ್ರ ಇಳಿಯುತ್ತದೆ, ಉಳಿದ ಸಿಗ್ನಲ್‌ಗಳಂತೆಯೇ. ನಿಮ್ಮ ರಿಸೀವರ್‌ನೊಳಗೆ ಹುಟ್ಟುತ್ತಿದ್ದರೆ 30 ಡಿಬಿ ಇಳಿಯುತ್ತದೆ. ಸಾಮಾನ್ಯವಾಗಿ ಪೂರ್ತಿ ಮಾಯವೇ ಆಗುತ್ತದೆ. ಹೆಚ್ಚಿನ ಏರ್‌ಬ್ಯಾಂಡ್ ಸೆಟ್‌ಗಳಲ್ಲಿ ಸಿಗ್ನಲ್ ಮೀಟರ್ ಇರುವುದಿಲ್ಲ. ಹಾಗಾಗಿ ಹೋಲಿಕೆಗೆ ಪರವಾನಗಿಯಲ್ಲಿರುವ ಒಂದು ಹ್ಯಾಂಡ್‌ಹೆಲ್ಡನ್ನು ಕಡಿಮೆ ಪವರ್‌ನಲ್ಲಿಟ್ಟು ರನ್‌ವೇಯ ಆ ತುದಿಯಿಂದ ಎರಡು ಮಾತು ಆಡಿಸಿ. ಅದು ಕೇಳಿಸಿ, ಹಾಡು ಮಾಯವಾದರೆ ಉತ್ತರ ಸಿಕ್ಕಿತು.

ಕಡಿಮೆ ಬೆಲೆಯ ಯುಎಸ್‌ಬಿ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೋ ರಿಸೀವರ್) ಹಾಕಿ ಸ್ಪೆಕ್ಟ್ರಂ ನೋಡಿ ತೀರ್ಮಾನಕ್ಕೆ ಬರಬೇಡಿ. ಮುಂದೆ ಎಫ್‌ಎಂ ಫಿಲ್ಟರ್ ಇಲ್ಲದಿದ್ದರೆ ಆ ಡಾಂಗಲ್ ತಾನೇ ಓವರ್‌ಲೋಡ್ ಆಗಿ 122.5ರಲ್ಲಿ ಇಲ್ಲದ ಗುಡ್ಡವನ್ನು ತೋರಿಸುತ್ತದೆ. ಅಂಥ ಸ್ಕ್ರೀನ್‌ಶಾಟ್ ದೂರಿಗೆ ಅಂಟಿಸಿದರೆ ದೂರು ನಿಲ್ಲುವುದಿಲ್ಲ.

ಕಡತ_ವಿಭಾಗ

ನಿಯಮದ ಕಡೆಯಿಂದ. ಐಟಿಯು ರೇಡಿಯೋ ರೆಗ್ಯುಲೇಶನ್ಸ್‌ನ 1.169 ಹಾನಿಕರ ಅಡಚಣೆಗೆ ವ್ಯಾಖ್ಯೆ ಕೊಡುತ್ತದೆ: ಸುರಕ್ಷತಾ ಸೇವೆಗೆ ಅಪಾಯ ತರುವುದು, ಅಥವಾ ಯಾವುದೇ ರೇಡಿಯೋ ಸೇವೆಯನ್ನು ಗಂಭೀರವಾಗಿ ಕೆಡಿಸುವುದು, ತಡೆಯುವುದು, ಮತ್ತೆ ಮತ್ತೆ ಕಡಿಯುವುದು. 4.10 ಸುರಕ್ಷತಾ ಸೇವೆಗಳಿಗೆ ವಿಶೇಷ ರಕ್ಷಣೆ ಬೇಕು ಎನ್ನುತ್ತದೆ. 117.975ರಿಂದ 137 ಮೆಗಾಹರ್ಟ್ಸ್‌ನ ವಿಮಾನಯಾನ ಸಂಪರ್ಕ ಆ ಸಾಲಿಗೆ ಸೇರುತ್ತದೆ. ಆದ್ದರಿಂದ ನಿಮ್ಮ ಪಕ್ಷ ಬಲವಾಗಿಯೇ ಇದೆ. ಆದರೆ ಬಾನುಲಿಯವರೂ ಪರವಾನಗಿ ಇರುವವರೇ. ಸಮುದಾಯ ಬಾನುಲಿಗೆ 100 ವ್ಯಾಟ್ ಇಆರ್‌ಪಿ (ಆಂಟೆನಾದಿಂದ ಹೊರಡುವ ಪರಿಣಾಮಕಾರಿ ಪವರ್), 30 ಮೀಟರ್ ಆಂಟೆನಾ ಎತ್ತರ ಮಿತಿ. ಆ ಮಿತಿಯೊಳಗೆ, ಸ್ಪ್ಯೂರಿಯಸ್ ಇಲ್ಲದೆ ಪ್ರಸಾರ ಮಾಡುತ್ತಿದ್ದರೆ ನಿಮ್ಮ ರಿಸೀವರ್‌ನೊಳಗೆ ಆಗುವ ಮಿಶ್ರಣಕ್ಕೆ ಅವರು ತಪ್ಪಿತಸ್ಥರಾಗುವುದಿಲ್ಲ.

ಇಲ್ಲಿ ಹಲವರು ಎಡವುವ ಒಂದು ಕಡೆ ಇದೆ. ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಅನೆಕ್ಸ್ 10ರ ಮೂರನೇ ಸಂಪುಟದಲ್ಲಿ ಎಫ್‌ಎಂ ಸಿಗ್ನಲ್ −5 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿ) ಇದ್ದರೂ ರಿಸೀವರ್ ಕೆಡಬಾರದು ಎಂಬ ಮಾತಿದೆ. ಅದು ವಿಮಾನದೊಳಗಿನ ರಿಸೀವರ್‌ಗೆ ಹೇಳಿದ್ದು. ನೆಲದ ಸ್ಟೇಷನ್‌ಗೆ ಆ ರಕ್ಷೆ ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ. ಕೊಳ್ಳುವಾಗ ಕೇಳಿ ಪಡೆಯಬೇಕು.

ದೂರಿನ ದಾರಿ: ನಿಮ್ಮ ಪರವಾನಗಿ ಕೊಟ್ಟದ್ದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ಫ್ರೀಕ್ವೆನ್ಸಿ ಹಂಚುವ) ವಿಭಾಗ. ಗಾಳಿಯಲ್ಲಿ ಅಳೆದು ಮೂಲ ಹುಡುಕುವುದು ಅದೇ ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ಆರ್ಗನೈಸೇಶನ್. ಬೆಂಗಳೂರಿನಲ್ಲೂ ಅದರ ಸ್ಟೇಷನ್ ಇದೆ. ವಿಮಾನಗಳಿಗೂ ಕೇಳಿಸುತ್ತಿದ್ದರೆ ಕಾಯಬೇಡಿ, ಹತ್ತಿರದ ಎಟಿಸಿಗೆ (ವಿಮಾನ ಸಂಚಾರ ನಿಯಂತ್ರಣ) ಅದೇ ದಿನ ತಿಳಿಸಿ. ದೂರಿನಲ್ಲಿ ಇರಬೇಕಾದ್ದು: ಫ್ರೀಕ್ವೆನ್ಸಿ, ಶುರು ಮತ್ತು ಮುಗಿದ ಹೊತ್ತು (ಭಾರತೀಯ ಸಮಯ, ಯುಟಿಸಿ ಎರಡೂ), ಆಂಟೆನಾದ ಅಕ್ಷಾಂಶ ರೇಖಾಂಶ ಮತ್ತು ಎತ್ತರ, ಆಡಿಯೋ ರೆಕಾರ್ಡಿಂಗ್, ಯಾವ ದಿಕ್ಕಿನಿಂದ ಜೋರು, ವಿಮಾನಕ್ಕೆ ಯಾವ ಎತ್ತರದಲ್ಲಿ ಕೇಳಿಸಿತು ಅಥವಾ ಕೇಳಿಸಲಿಲ್ಲ, ಮತ್ತು ಮೇಲೆ ಹೇಳಿದ ಅಟೆನ್ಯುಯೇಟರ್ ಪರೀಕ್ಷೆಯ ಫಲ. ಕೊನೆಯದು ಇಲ್ಲದ ದೂರು ತಿರುಗಿ ನಿಮ್ಮ ಮೇಜಿಗೇ ಬರುತ್ತದೆ.

ಮೊದಲು ನಿಮ್ಮ ಮನೆಯ ಕಾಗದವೂ ಸರಿಯಿರಲಿ, ಅಳೆಯಲು ಬಂದವರು ಅದನ್ನೇ ಮೊದಲು ಕೇಳುತ್ತಾರೆ. ಪರವಾನಗಿಯಲ್ಲಿ ಬರೆದ ಜಾಗ, ಆಂಟೆನಾ ಎತ್ತರ, ಪವರ್, ಸೆಟ್ಟಿನ ಸೀರಿಯಲ್ ನಂಬರು ಈಗಿರುವುದಕ್ಕೆ ಹೊಂದಬೇಕು. ಎಮಿಷನ್ ಕಾಲಂನಲ್ಲಿ 6ಕೆ00ಎ3ಇ (6 ಕಿಲೋಹರ್ಟ್ಸ್ ಅಗಲದ ಎಎಂ ಮಾತು) ಎಂದಿರಬೇಕು. 25 ಕಿಲೋಹರ್ಟ್ಸ್ ಎಂದು ಬರೆದ ಅರ್ಜಿಗಳು ಬಹಳ. ಅದು ಚಾನೆಲ್‌ಗಳ ನಡುವಿನ ಅಂತರ, ಸಿಗ್ನಲ್‌ನ ಅಗಲವಲ್ಲ. 25 ಕಿಲೋಹರ್ಟ್ಸ್ ಚಾನೆಲ್‌ನಲ್ಲಿ ನೆಲದ ಟ್ರಾನ್ಸ್‌ಮಿಟರ್‌ಗೆ ಅನೆಕ್ಸ್ 10 ಕೊಡುವ ಸಡಿಲ 0.002 ಶೇಕಡ, ಅಂದರೆ 122.5ರಲ್ಲಿ ಹೆಚ್ಚೆಂದರೆ 2.45 ಕಿಲೋಹರ್ಟ್ಸ್. ವರ್ಷಕ್ಕೊಮ್ಮೆ ಅಳೆಸಿ ರಿಜಿಸ್ಟರ್‌ನಲ್ಲಿ ಬರೆಸಿಡಿ. ಮೈಕ್ ಹಿಡಿಯುವವರ ಆರ್‌ಟಿಆರ್-ಎ ಪ್ರಮಾಣಪತ್ರದ ವ್ಯವಹಾರ 2025ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮದ ಮೂಲಕ ಡಿಜಿಸಿಎಗೆ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಹೋಗಿದೆ. ಸೆಟ್ಟಿನ ಪರವಾನಗಿಯೂ ಅಲ್ಲಿಗೇ ಹೋಯಿತು ಎಂದುಕೊಳ್ಳಬೇಡಿ, ಅವೆರಡೂ ಬೇರೆ.

ಮೂರು_ಫೇಸ್

ಸಂಜೆಯ ಗುಂಯ್ ಸದ್ದಿನ ಬಗ್ಗೆ. ಆರೂವರೆಗೆ ಏನು ಆನ್ ಆಗುತ್ತದೆ? ಬಹುತೇಕ ಹ್ಯಾಂಗರ್ ಮುಂದಿನ ಎಲ್‌ಇಡಿ ಫ್ಲಡ್‌ಲೈಟು. ಅದರೊಳಗಿನ ಡ್ರೈವರ್ ಸ್ವಿಚಿಂಗ್ ಸಪ್ಲೈ. ಒಳಗಿನ ಫಿಲ್ಟರ್ ಕೆಟ್ಟರೆ ಅಥವಾ ಹಾಕಿರದೇ ಇದ್ದರೆ ಅದಕ್ಕೆ ಹೋಗುವ ವೈರೇ ಆಂಟೆನಾ ಆಗುತ್ತದೆ. ಎಎಂ ರಿಸೀವರ್‌ನಲ್ಲಿ ಅದು 100 ಹರ್ಟ್ಸ್ ಗುಂಯ್ ಆಗಿ ಕೇಳುತ್ತದೆ, ಯಾಕೆಂದರೆ ನಮ್ಮ ಮೇನ್ಸ್ 50 ಹರ್ಟ್ಸ್, ರೆಕ್ಟಿಫೈ ಆದ ಮೇಲೆ ಇಮ್ಮಡಿ.

ಹುಡುಕುವ ಕ್ರಮ: ರೇಡಿಯೋವನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ, ಕೇಳುವುದಕ್ಕೆ 7 ಎಎಚ್‌ನದು ಸಾಕು. ಕಟ್ಟಡದ ಮೇನ್ ಎಂಸಿಬಿ ಇಳಿಸಿ. ಸದ್ದು ನಿಂತರೆ ಮೂಲ ನಿಮ್ಮದೇ. ಒಂದೊಂದೇ ಎಂಸಿಬಿ ಏರಿಸುತ್ತಾ ಬನ್ನಿ. ಯುಪಿಎಸ್, ಸೋಲಾರ್ ಇನ್ವರ್ಟರ್, ಸಿಸಿಟಿವಿಯ ಪಿಒಇ ಸ್ವಿಚ್ ಮರೆಯಬೇಡಿ. ಇವು ಮೇನ್ಸ್ ಹೋದರೂ ಬ್ಯಾಟರಿಯಲ್ಲಿ ಓಡುತ್ತವೆ, ಅವನ್ನು ಕೈಯಾರೆ ಆರಿಸಬೇಕು. ಆಮೇಲೆ ಹ್ಯಾಂಡ್‌ಹೆಲ್ಡ್ ಹಿಡಿದು ಅನುಮಾನದ ದೀಪದ ಹತ್ತಿರ ಹೋಗಿ, ಆಂಟೆನಾ ಕಳಚಿ, ಸಾಕೆಟ್ಟಿಗೆ ಎರಡು ಇಂಚಿನ ತುಂಡು ವೈರ್ ಸಿಕ್ಕಿಸಿ ಕೇಳಿ. ಸೂಕ್ಷ್ಮತೆ ಕಡಿಮೆಯಾದಷ್ಟೂ ಮೂಲ ಸ್ಪಷ್ಟ.

ದೀಪದ ಮೇಲೆ ಪ್ರಮಾಣದ ಗುರುತು ಇದೆಯಲ್ಲ ಎಂದು ಬಿಡಬೇಡಿ. ಈ ಬ್ಯಾಂಡ್‌ನಲ್ಲಿ ಸಿಸ್ಪರ್‌ನ (ಉಪಕರಣಗಳ ರೇಡಿಯೋ ಸದ್ದಿಗೆ ಮಿತಿ ಹೇಳುವ ಅಂತರರಾಷ್ಟ್ರೀಯ ಸಮಿತಿ) ಕ್ಲಾಸ್ ಬಿ, ಅಂದರೆ ಮನೆಬಳಕೆಯ, ಮಿತಿ 10 ಮೀಟರ್ ದೂರದಲ್ಲಿ ಮೀಟರಿಗೆ 30 ಡಿಬಿ ಮೈಕ್ರೋವೋಲ್ಟ್, ಅಂದರೆ ಸುಮಾರು 32 ಮೈಕ್ರೋವೋಲ್ಟ್. ನೆಲದ ರಿಸೀವರ್ ಸ್ವಚ್ಛವಾಗಿ ಕೇಳಬೇಕು ಎಂದು ಅನೆಕ್ಸ್ 10 ಹೇಳುವ ವಿಮಾನದ ಸಿಗ್ನಲ್ ಮೀಟರಿಗೆ 20 ಮೈಕ್ರೋವೋಲ್ಟ್. ಮಿತಿ 120 ಕಿಲೋಹರ್ಟ್ಸ್ ಅಗಲದಲ್ಲಿ ಅಳೆದದ್ದು, ಹಾಗಾಗಿ ಹರಡಿದ ಸದ್ದಿನಲ್ಲಿ ನಿಮ್ಮ ಕಿರಿದಾದ ರಿಸೀವರ್‌ಗೆ ಒಂದು ಪಾಲು ಮಾತ್ರ ಬರುತ್ತದೆ, ನಿಜ. ಆದರೆ ಒಂದೇ ಗೆರೆಯಾಗಿ ಬರುವ ಕ್ಲಾಕ್ ಸಿಗ್ನಲ್ ಪೂರ್ತಿಯೇ ಬರುತ್ತದೆ. ನೆಟ್‌ವರ್ಕ್ ಸ್ವಿಚ್‌ನ 25 ಮೆಗಾಹರ್ಟ್ಸ್ ಕ್ರಿಸ್ಟಲ್‌ನ ಐದನೇ ಹಾರ್ಮೋನಿಕ್ 125.000ದಲ್ಲಿ ಕೂರುವುದು ಇದಕ್ಕೆ ಉದಾಹರಣೆ. ಪರೀಕ್ಷೆ ಪಾಸಾದ ವಸ್ತುವೂ ಆಂಟೆನಾದಿಂದ ಹತ್ತೇ ಮೀಟರಿನಲ್ಲಿದ್ದರೆ ತೊಂದರೆ ಕೊಡಬಲ್ಲದು. ದೂರ ಹೆಚ್ಚಿಸುವುದೇ ಮೊದಲ ಮದ್ದು. ಫೆರೈಟ್ (ವೈರಿನಲ್ಲಿ ಹರಿಯುವ ರೇಡಿಯೋ ಸದ್ದು ತಡೆಯುವ ಉಂಗುರ) ಆಮೇಲೆ: ಡ್ರೈವರ್‌ನ ಎರಡೂ ಕಡೆ, ಬಾಯಿಗೆ ಆದಷ್ಟು ಹತ್ತಿರ, ಫೇಸ್ ನ್ಯೂಟ್ರಲ್ ಜೊತೆಯಾಗಿ ಎರಡು ಮೂರು ಸುತ್ತು.

ಗಾಳಿಚೀಲ

ಎಲ್ಲರಿಗೂ ಧನ್ಯವಾದ. ಫಲಿತಾಂಶ: 10 ಡಿಬಿ ಹಾಕಿದ ಕೂಡಲೇ ಹಾಡು ಪೂರ್ತಿ ನಿಂತಿತು, ರನ್‌ವೇ ತುದಿಯ ಹ್ಯಾಂಡ್‌ಹೆಲ್ಡ್ ಸ್ವಲ್ಪ ಮಂಕಾದರೂ ಚೆನ್ನಾಗಿ ಕೇಳಿಸಿತು. 3 ಡಿಬಿ ಹಾಕಿದಾಗ ಅಡಚಣೆ ತುಂಬಾ ಇಳಿಯಿತು, ಆದರೆ ನಿಲ್ಲಲಿಲ್ಲ. 122.325ರಿಂದ 122.650ರವರೆಗೆ ಎಲ್ಲ ಚಾನೆಲ್‌ನಲ್ಲೂ ಅದೇ ದನಿ ಇತ್ತು. ಸಂಜೆಯದು ಹ್ಯಾಂಗರ್‌ನ ಎರಡನೇ ಫ್ಲಡ್‌ಲೈಟು, ಆಂಟೆನಾದ ಬುಡದಿಂದ 7 ಮೀಟರ್, ಆರಿಸಿದರೆ ಸದ್ದಿಲ್ಲ. ದೀಪ ಬದಲಿಸುತ್ತೇವೆ. ಹಾಡಿಗೆ ಫಿಲ್ಟರ್ ಯಾವುದು? ಕೋಆಕ್ಸ್ ತುಂಡಿನಲ್ಲಿ ಕಾಲು ತರಂಗದ ಸ್ಟಬ್ ಮಾಡಿ ಟೀ ಕನೆಕ್ಟರ್‌ಗೆ ಹಾಕಿದರೆ ಸಾಕು ಎಂದು ಒಬ್ಬರು ಹೇಳಿದರು.

ಹತ್ತುಡಿಬಿ

ಸ್ಟಬ್ ಬೇಡ. ಲೆಕ್ಕ ಹಾಕಿ ನೋಡಿ. 107.8ಕ್ಕೆ ಕಾಲು ತರಂಗ 69.5 ಸೆಂಟಿಮೀಟರ್, ಆರ್‌ಜಿ-213ರ ವೆಲಾಸಿಟಿ ಫ್ಯಾಕ್ಟರ್ 0.66, ಹಾಗಾಗಿ ತುಂಡು 46 ಸೆಂಟಿಮೀಟರ್, ತುದಿ ತೆರೆದದ್ದು. 107.8ರಲ್ಲಿ ಅದು ಶಾರ್ಟ್ ಸರ್ಕ್ಯೂಟ್, ಸರಿ. ಆದರೆ 122.5ರಲ್ಲಿ ಅದೇ ತುಂಡು 102 ಡಿಗ್ರಿ ಉದ್ದ, ರಿಯಾಕ್ಟನ್ಸ್ ಬರೀ 11 ಓಮ್. 50 ಓಮ್ ಲೈನಿಗೆ ಅಡ್ಡಲಾಗಿ 11 ಓಮ್ ಕೂತರೆ ನಿಮ್ಮದೇ ಸಿಗ್ನಲ್ 8 ಡಿಬಿ ಹೋಗುತ್ತದೆ, ಟ್ರಾನ್ಸ್‌ಮಿಟ್ ಮಾಡುವಾಗ ಎಸ್‌ಡಬ್ಲ್ಯುಆರ್ (ಸೆಟ್ಟಿಗೆ ಆಂಟೆನಾ ಎಷ್ಟು ಹೊಂದುತ್ತದೆ ಎಂಬ ಅಳತೆ) ಕೆಟ್ಟು ಸೆಟ್ ಪವರ್ ಇಳಿಸುತ್ತದೆ. ಹಾಡು ನಿಂತದ್ದು ನೋಡಿ ಎಲ್ಲರೂ ಖುಷಿಪಡುತ್ತಾರೆ. 40 ಕಿಲೋಮೀಟರ್ ಆಚೆಯ ವಿದ್ಯಾರ್ಥಿಯ ಕರೆ ಬರುವುದು ನಿಂತದ್ದು ಯಾರ ಗಮನಕ್ಕೂ ಬರುವುದಿಲ್ಲ.

ನಿಮ್ಮ ಕೇಬಲ್‌ನ ರೇಡಿಯೋ ತುದಿಗೆ ಎಷ್ಟು ಬರುತ್ತಿದೆ ಎಂದು ತೆರೆದ ಬಯಲಿನ ಲೆಕ್ಕ ಹಾಕಿದರೆ, 100 ವ್ಯಾಟ್ ಇಆರ್‌ಪಿ ಒಂದೂವರೆ ಕಿಲೋಮೀಟರ್‌ನಿಂದ ಹೆಚ್ಚೆಂದರೆ −24 ಡಿಬಿಎಂ, 10 ಕಿಲೋವ್ಯಾಟ್ 12 ಕಿಲೋಮೀಟರ್‌ನಿಂದ −21 ಡಿಬಿಎಂ. ಸಣ್ಣ ಕಾಲೇಜು ಸ್ಟೇಷನ್ನೂ ದೊಡ್ಡ ಸ್ಟೇಷನ್ನೂ ನಿಮ್ಮ ಕೇಬಲ್‌ನಲ್ಲಿ ಹೆಚ್ಚುಕಡಿಮೆ ಸಮ. ಆದರೆ ಫಿಲ್ಟರ್‌ಗೆ ಅವೆರಡೂ ಸಮವಲ್ಲ. ಲೆಕ್ಕದಲ್ಲಿ 107.8 ಎರಡು ಸಲ ಬರುತ್ತದೆ, ಆದ್ದರಿಂದ ಅದನ್ನು 10 ಡಿಬಿ ಇಳಿಸಿದರೆ ಅಡಚಣೆ 20 ಡಿಬಿ ಇಳಿಯುತ್ತದೆ. 93.1ನ್ನು 10 ಇಳಿಸಿದರೆ 10 ಮಾತ್ರ. ಕೊಳ್ಳುವಾಗ 107.8ರಲ್ಲಿ ಎಷ್ಟು ತಡೆ ಎಂದೇ ಕೇಳಿ. ಎಫ್‌ಎಂ ಫಿಲ್ಟರ್ ಎಂದು ಮಾರುವ ಕೆಲವು ಡಬ್ಬಿಗಳು 100ರ ಹತ್ತಿರ ಚೆನ್ನಾಗಿ ತಡೆದು 108ಕ್ಕೆ ಬರುವ ಹೊತ್ತಿಗೆ ಕೈಚೆಲ್ಲುತ್ತವೆ.

ಒಂದೇ ಚಾನೆಲ್ ಸಾಕು ಎಂದಾದರೆ 122.5ಕ್ಕೆ ಟ್ಯೂನ್ ಮಾಡಿದ ಒಂದು ಕ್ಯಾವಿಟಿ (ಒಂದೇ ಫ್ರೀಕ್ವೆನ್ಸಿಯನ್ನು ಬಿಡುವ ಲೋಹದ ಡಬ್ಬಿಯ ಫಿಲ್ಟರ್). ಅನ್‌ಲೋಡೆಡ್ ಕ್ಯೂ 3000 ಇರುವ, 1 ಡಿಬಿ ನಷ್ಟಕ್ಕೆ ಹೊಂದಿಸಿದ ಕ್ಯಾವಿಟಿ 107.8ರಲ್ಲಿ 38 ಡಿಬಿ, 93.1ರಲ್ಲಿ 45 ಡಿಬಿ ತಡೆಯುತ್ತದೆ. ನಿಮಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಆದರೆ ಅದೇ ಕ್ಯಾವಿಟಿ 121.5ರಲ್ಲೂ 14 ಡಿಬಿಗೂ ಹೆಚ್ಚು ತಿನ್ನುತ್ತದೆ. ತುರ್ತು ಚಾನೆಲ್ ಕೇಳುವ ಕೆಲಸ ಇದೇ ಸೆಟ್ಟಿನದ್ದಾದರೆ ಕ್ಯಾವಿಟಿ ಹಾಕಲೇಬಾರದು. 118ರಿಂದ 137ರವರೆಗೆ ಬಿಡುವ, ಹಲವು ಹಂತದ ಬ್ಯಾಂಡ್‌ಪಾಸ್ ತೆಗೆದುಕೊಳ್ಳಿ. ಬೇಡಿಕೆ ಹೀಗೆ ಬರೆಯಿರಿ: ಒಳಗಿನ ನಷ್ಟ 1.5 ಡಿಬಿ ಮೀರಬಾರದು, 107.8ರಲ್ಲಿ ತಡೆ ಕನಿಷ್ಠ 20 ಡಿಬಿ, ತಾಳಿಕೆ 50 ವ್ಯಾಟ್. 9 ವ್ಯಾಟ್ ಸೆಟ್ಟಿಗೆ 50 ಯಾಕೆ ಎಂದರೆ, ಎಎಂನಲ್ಲಿ ಪೂರ್ತಿ ಮಾಡ್ಯುಲೇಶನ್ ಬಂದಾಗ ಪೀಕ್ ಕ್ಯಾರಿಯರ್‌ನ ನಾಲ್ಕರಷ್ಟು, 36 ವ್ಯಾಟ್. ಇಪ್ಪತ್ತೈದು ವ್ಯಾಟ್‌ನ ಫಿಲ್ಟರ್ ಪರೀಕ್ಷೆಯಲ್ಲಿ ಸರಿಯಿದ್ದು ಜೋರಾಗಿ ಮಾತಾಡಿದಾಗ ಕೈಕೊಡುತ್ತದೆ.

ಫಿಲ್ಟರ್ ಹಾಕಿದ ಮೇಲೆ ಮತ್ತೆ ಅಳೆಯಿರಿ. ಫಿಲ್ಟರ್ ಮತ್ತು ಸೆಟ್ ನಡುವೆ ಮೀಟರ್ ಇಟ್ಟು ಎಸ್‌ಡಬ್ಲ್ಯುಆರ್ 1.5ರೊಳಗೆ ಇದೆಯೇ ನೋಡಿ, ಅದೇ ಹ್ಯಾಂಡ್‌ಹೆಲ್ಡ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಹಾಡು ಆಗಲೂ ಸ್ವಲ್ಪ ಉಳಿದು, ಮಳೆ ಬಂದಾಗ ಗಾಳಿ ಬೀಸಿದಾಗ ಹೆಚ್ಚುಕಡಿಮೆ ಆಗುತ್ತಿದ್ದರೆ ತಾರಸಿಯ ಕ್ಲ್ಯಾಂಪ್, ಗೈ ವೈರ್, ಮಿಂಚು ತಡೆಯ ಕನೆಕ್ಟರ್ ಬಿಚ್ಚಿ ಉಜ್ಜಿ ಬಿಗಿಯಿರಿ. ತುಕ್ಕಿನ ಕೀಲು ಡಯೋಡಿನಂತೆ ವರ್ತಿಸುತ್ತದೆ, ಅಲ್ಲಿ ಹುಟ್ಟಿದ 122.5ನ್ನು ಯಾವ ಫಿಲ್ಟರೂ ತಡೆಯಲಾರದು.

ಮೂರು_ಫೇಸ್

ಆ ವಾಕಿಟಾಕಿ ಆಂಟೆನಾವನ್ನೂ ಸರಿಸಿ. ಪಕ್ಕಪಕ್ಕ ಒಂದೂವರೆ ಮೀಟರ್ ಏನೇನೂ ಅಲ್ಲ. ನಿಲುವು ಡೈಪೋಲ್‌ಗಳು ಅಕ್ಕಪಕ್ಕ 10 ಮೀಟರ್ ಇದ್ದರೆ ಸಿಗುವ ಬೇರ್ಪಡೆ ಸುಮಾರು 30 ಡಿಬಿ. ಅಷ್ಟೇ ದೂರ ಒಂದರ ನೇರ ಮೇಲೆ ಇನ್ನೊಂದಿದ್ದರೆ 52 ಡಿಬಿ. ಜಾಗ ಕಡಿಮೆ ಇದ್ದಾಗ ಕೆಳಗೆ ಇಳಿಸುವುದು ಯಾವಾಗಲೂ ಲಾಭ. ಸರಿಸಬೇಕಾದ್ದು ಅವರದನ್ನು, ನಿಮ್ಮದನ್ನಲ್ಲ.

ಕಡತ_ವಿಭಾಗ

ಸರಿಸಬೇಕಾದ್ದು ನಿಮ್ಮದನ್ನಲ್ಲ ಎನ್ನಲು ಕಾರಣ ಪರವಾನಗಿಯೇ. ನಿಮ್ಮ ಸೆಟ್ಟಿನ ಮುಂದೆ ಫಿಲ್ಟರ್ ಸೇರಿಸಿದರೆ ಪವರ್ ಸ್ವಲ್ಪ ಇಳಿಯುತ್ತದೆ, ಪರವಾನಗಿಯ ಮಿತಿ ಮೀರುವುದಿಲ್ಲ. ಸ್ಟೇಷನ್ ಲಾಗ್‌ನಲ್ಲಿ ದಿನಾಂಕ, ಫಿಲ್ಟರ್‌ನ ಮಾದರಿ, ಮುಂಚಿನ ಮತ್ತು ಆಮೇಲಿನ ಅಳತೆ ಬರೆದಿಡಿ. ಆಂಟೆನಾದ ಜಾಗ ಅಥವಾ ಎತ್ತರ ಬದಲಿಸಿದರೆ ಮಾತು ಬೇರೆ. ಪರವಾನಗಿಯಲ್ಲಿ ಆ ಅಂಕಿಗಳಿವೆ, ಸಕ್ಫಾ (ಆಂಟೆನಾ ನಿಲ್ಲಿಸುವ ಜಾಗಕ್ಕೆ ಒಪ್ಪಿಗೆ ಕೊಡುವ ಸಮಿತಿ) ಅನುಮತಿಯೂ ಅವುಗಳ ಮೇಲೆಯೇ ನಿಂತಿದೆ. ಪೈಪು ಎತ್ತುವ ಮೊದಲು ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ತಿದ್ದುಪಡಿ ಅರ್ಜಿ ಹಾಕಿ, ಒಪ್ಪಿಗೆ ಬಂದ ಮೇಲೆ ಕೆಲಸ. ಸೆಕ್ಯುರಿಟಿಯವರ ರಿಪೀಟರ್‌ಗೂ ಅದೇ ಮಾತು. ಅವರ ಕಾಗದ ಅವರ ಕೈಯಲ್ಲಿದೆಯೇ ಎಂದು ಸರಿಸುವ ಮೊದಲೇ ಕೇಳಿ.

ಕಾಲೇಜಿನವರಿಗೂ ಒಂದು ಪತ್ರ ಬರೆಯಿರಿ, ದೂರಾಗಿ ಅಲ್ಲ. ನಿಮ್ಮ ಚಾನೆಲ್, ನಿಮ್ಮ ಜಾಗ, ಈ ಲೆಕ್ಕ, ಪರೀಕ್ಷೆಯ ಫಲ ತಿಳಿಸಿ, ಟ್ರಾನ್ಸ್‌ಮಿಟರ್ ಅಥವಾ ಆಂಟೆನಾ ಬದಲಿಸುವ ಮೊದಲು ಒಂದು ಮಾತು ಹೇಳಿ ಎಂದು ಕೇಳಿಕೊಳ್ಳಿ. ಅದರ ಪ್ರತಿಯನ್ನು ಲಾಗ್ ಜೊತೆಗೇ ಇಡಿ.